ಮನೆಯಾಳನ್ನು ಗೊತ್ತುಮಾಡುವ ಪದ್ಧತಿ

ಮನೆಯಲ್ಲೇ ಉಳಿದು ದುಡಿಯುವ ಆಳನ್ನು ಮೊದಲ ಸಲ ಗೊತ್ತುಮಾಡಿಕೊಳ್ಳುವವರಿಗೆ ಕೆಲಸ ಬರುತ್ತದೆಯೇ ಎಂಬುದಕ್ಕಿಂತ ನಂಬಬಹುದೇ ಎಂಬ ಪ್ರಶ್ನೆಯೇ ದೊಡ್ಡದು. ಕನ್ನಡ ನಾಡಿನಲ್ಲಿ ಈ ಪ್ರಶ್ನೆಗೆ ಒಂದೊಂದು ಕಾಲದಲ್ಲಿ ಒಂದೊಂದು ಉತ್ತರ ಸಿಕ್ಕಿದೆ. ಒಮ್ಮೆ ಸಾಲ, ಒಮ್ಮೆ ಜಾತಿ, ಒಮ್ಮೆ ಹಳೆಯ ದೊರೆ ಬರೆದುಕೊಟ್ಟ ಚೀಟಿ, ಈಗ ಪೊಲೀಸ್ ವೆರಿಫಿಕೇಶನ್. ಆಳಿನ ಬಗ್ಗೆ ಧಣಿಗೆ ಭರವಸೆ ಕೊಡುವ ಏರ್ಪಾಡು ಹೀಗೆ ಎಲ್ಲ ಕಾಲದಲ್ಲೂ ಇತ್ತು. ಧಣಿಯ ಬಗ್ಗೆ ಆಳಿಗೆ ಭರವಸೆ ಕೊಡುವ ಏರ್ಪಾಡು ಬಹಳ ತಡವಾಗಿ, ಅದೂ ಅರೆಬರೆಯಾಗಿ ಬಂತು.

ಹಳೆಯ ಶಾಸ್ತ್ರಗ್ರಂಥಗಳು ಈ ವಿಷಯವನ್ನು ಕಡೆಗಣಿಸಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದಾಸರು ಮತ್ತು ಕೂಲಿಯಾಳುಗಳಿಗೆ ಸಂಬಂಧಿಸಿದ ಪ್ರಕರಣವೇ ಇದೆ. ಧಣಿಗೂ ಆಳಿಗೂ ಆದ ಒಪ್ಪಂದ ಅಕ್ಕಪಕ್ಕದವರಿಗೆ ತಿಳಿದಿರಬೇಕು, ಮಾತಾಡಿದಷ್ಟು ಸಂಬಳ ಸಲ್ಲಬೇಕು ಎಂದು ಅದು ವಿಧಿಸುತ್ತದೆ. ಸಂಬಳದ ಮಾತೇ ಆಗಿರದಿದ್ದರೆ ದನ ಕಾಯುವವನಿಗೆ ತುಪ್ಪದಲ್ಲಿ ಹತ್ತನೆಯ ಒಂದು ಪಾಲು, ಬೇಸಾಯದ ಆಳಿಗೆ ಬೆಳೆಯಲ್ಲಿ ಹತ್ತನೆಯ ಒಂದು ಪಾಲು. ನೆರೆಹೊರೆಯವರನ್ನೇ ಸಾಕ್ಷಿ ಮಾಡುವ ಈ ಏರ್ಪಾಡು, ಬಾಗಿಲು ಮುಚ್ಚಿದ ಫ್ಲ್ಯಾಟಿನೊಳಗೆ ಬಾಯಿಮಾತಿನಲ್ಲೇ ಮುಗಿಯುವ ಇಂದಿನ ಒಪ್ಪಂದಕ್ಕಿಂತ ಮೇಲು. ಅದು ಎಷ್ಟರಮಟ್ಟಿಗೆ ಆಚರಣೆಯಲ್ಲಿತ್ತು ಎಂಬುದು ಬೇರೆ ಮಾತು.

ಹಳ್ಳಿಗಾಡಿನಲ್ಲಿ ಆಚರಣೆಯಲ್ಲಿದ್ದದ್ದು ಜೀತ. 1800–01ರಲ್ಲಿ ಮೈಸೂರು, ಕೆನರಾ, ಮಲಬಾರ್ ಸೀಮೆಗಳನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೆನರಾದಲ್ಲಿ ಕೂಲಿಯಾಳು, ಮೂಲದಾಳು ಎಂಬ ಎರಡು ಬಗೆಯ ದುಡಿಮೆಗಾರರನ್ನು ಕಂಡು ಬರೆದುಕೊಂಡ. ಮೊದಲನೆಯವರು ಸಂಬಳಕ್ಕೆ ಬಂದವರು, ಎರಡನೆಯವರು ಒಡೆಯನ ಸ್ವತ್ತು. 1843ರ ಕಾಯಿದೆ ಗುಲಾಮಗಿರಿಗೆ ಇದ್ದ ಕಾನೂನಿನ ಮನ್ನಣೆಯನ್ನು ತೆಗೆದುಹಾಕಿತಾದರೂ ಸಾಲದ ಕಟ್ಟು ಸಡಿಲಲಿಲ್ಲ. ಮದುವೆಗೋ ಕಾಯಿಲೆಗೋ ಅಪ್ಪ ಸಾಲ ತಂದರೆ ಅದರ ಬಡ್ಡಿಗೆ ಮಗ ಧಣಿಯ ಮನೆ ಸೇರುತ್ತಿದ್ದ. ಮಲಗಲು ಕೊಟ್ಟಿಗೆಯ ಮೂಲೆ, ಹೊಟ್ಟೆಗೆ ಮುದ್ದೆ, ವರ್ಷಕ್ಕೊಂದು ಕಂಬಳಿ. ಇಲ್ಲಿ ಸಂದರ್ಶನದ ಪ್ರಶ್ನೆಯೇ ಇರಲಿಲ್ಲ. ಸಾಲವೇ ಜಾಮೀನಾದ್ದರಿಂದ ಆಳಿನ ಗುಣವನ್ನು ಯಾರೂ ವಿಚಾರಿಸಬೇಕಾಗಿರಲಿಲ್ಲ.

ಪೇಟೆಯ ಮೇಲುಜಾತಿಯ ಮನೆಗಳ ಲೆಕ್ಕಾಚಾರ ಬೇರೆ. ಹಿತ್ತಿಲ ಕೆಲಸ, ಕಸಮುಸುರೆ, ಕೊಟ್ಟಿಗೆಯ ಕೆಲಸಕ್ಕೆ ಬಂದವರು ನಡುಮನೆ ದಾಟುವಂತಿರಲಿಲ್ಲ. ಅಡಿಗೆಮನೆಗೂ ಬಾವಿಯ ಮಡಿನೀರಿಗೂ ಸ್ವಜಾತಿಯವರೇ ಆಗಬೇಕಿತ್ತು. ಹೀಗಾಗಿ ಮನೆಯೊಳಗೆ ಉಳಿಯುತ್ತಿದ್ದ ದುಡಿಮೆಗಾರರಲ್ಲಿ ಎಷ್ಟೋ ಮಂದಿ ದೂರದ ನೆಂಟರು: ಗಂಡ ಸತ್ತ ಅತ್ತಿಗೆ, ದಿಕ್ಕಿಲ್ಲದ ಸೋದರತ್ತೆ, ಓದಲು ಊರಿಂದ ಬಂದ ಬಡ ಹುಡುಗ. ಹೊಸ ಅಡಿಗೆಯವರನ್ನು ಕರೆತಂದಾಗ ಕೇಳುತ್ತಿದ್ದದ್ದು ಯಾವ ಊರು, ಯಾರ ಪೈಕಿ, ಯಾವ ಗೋತ್ರ ಎಂದು. ಸಾರು ಹೇಗೆ ಮಾಡುತ್ತೀಯ ಎಂಬುದು ಆಮೇಲಿನ ವಿಚಾರ. ಮನೆಯವರೇ ಎನಿಸಿಕೊಂಡ ಹೆಂಗಸರಿಗೆ ಸಂಬಳದ ಮಾತೇ ಇರಲಿಲ್ಲ, ರಜೆಯದ್ದಂತೂ ದೂರ. ‘ಮನೆಯವರ ಹಾಗೆ’ ಎಂಬ ಮಾತು ಸಂಬಳ ಉಳಿಸುವ ಉಪಾಯವಾಗಿಯೂ ಕೆಲಸ ಮಾಡಿದೆ.

ಕಾಗದ ನೋಡಿ ಆಳನ್ನು ಇಟ್ಟುಕೊಳ್ಳುವ ಪದ್ಧತಿ ಬೆಳೆದದ್ದು ಕಂಟೋನ್ಮೆಂಟಿನಲ್ಲಿ. 1809ರಲ್ಲಿ ಬೆಂಗಳೂರಿನ ದಂಡು ನೆಲೆಗೊಂಡ ಮೇಲೆ ಮದರಾಸು ಕಡೆಯಿಂದ ತಮಿಳು ಮಾತಾಡುವ ಬಟ್ಲರು, ಕುಕ್ಕು, ಆಯಾ, ಕುದುರೆಯವನು, ದೋಬಿ ಇವರೆಲ್ಲ ಬಂದರು. ದನದ ಮಾಂಸ ಬೇಯಿಸಲು, ಎಂಜಲು ತಟ್ಟೆ ಎತ್ತಲು ಜಾತಿಯ ಹಿಂದೂಗಳು ಒಪ್ಪದಿದ್ದುದರಿಂದ ಬಿಳಿಯರ ಅಡಿಗೆಮನೆ, ಊಟದ ಮನೆಯ ಕೆಲಸ ಬಹುಮಟ್ಟಿಗೆ ಕ್ರೈಸ್ತರು, ಮುಸಲ್ಮಾನರು ಮತ್ತು ದಲಿತರ ಪಾಲಿಗೆ ಬಂತು. ಹೊಸದಾಗಿ ಬಂದ ಅಧಿಕಾರಿಯ ವರಾಂಡದಲ್ಲಿ ಅಭ್ಯರ್ಥಿಗಳು ಬಂದು ನಿಲ್ಲುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಬಟ್ಟೆಯಲ್ಲಿ ಸುತ್ತಿಟ್ಟ ಚೀಟಿಗಳ ಕಟ್ಟು. ಹಿಂದಿನ ದೊರೆ ಊರು ಬಿಡುವಾಗ ಬರೆದುಕೊಟ್ಟ ಆ ಕಾಗದಗಳಲ್ಲಿ ಎಷ್ಟು ಕಾಲ ದುಡಿದ, ಪ್ರಾಮಾಣಿಕನೇ, ಕುಡಿಯುತ್ತಾನೆಯೇ, ಕೆಲಸ ಬಿಟ್ಟದ್ದೇಕೆ ಎಂಬುದು ನಾಲ್ಕು ಸಾಲಿನಲ್ಲಿ ಇರುತ್ತಿತ್ತು. ಮಾತುಕತೆಯೆಲ್ಲ ಬಟ್ಲರ್ ಇಂಗ್ಲಿಷ್ ಎನಿಸಿಕೊಂಡ ಹರಕುಮುರುಕು ಇಂಗ್ಲಿಷಿನಲ್ಲಿ.

ಈ ಚೀಟಿಯ ವ್ಯವಹಾರದಲ್ಲಿ ಎರಡೂ ಕಡೆ ಮೋಸವಿತ್ತು. ಅಣ್ಣನ ಚೀಟಿಯನ್ನು ತಮ್ಮ ತೋರಿಸುವುದು, ಸತ್ತವನ ಚೀಟಿಯನ್ನು ಬಾಡಿಗೆಗೆ ತರುವುದು, ಬರೆಯಬಲ್ಲವನಿಗೆ ಕಾಸು ಕೊಟ್ಟು ಹೊಸದನ್ನೇ ಹುಟ್ಟಿಸುವುದು ಆಗಿನ ಬಿಳಿಯರ ಬರಹಗಳಲ್ಲಿ ಮತ್ತೆಮತ್ತೆ ಬರುವ ದೂರು. ಇನ್ನೊಂದು ಕಡೆ, ಓದು ಬಾರದ ಆಳಿನ ಕೈಗೆ ಅವನನ್ನೇ ಹಳಿಯುವ ಚೀಟಿ ಕೊಟ್ಟು ಕಳಿಸುವ ದೊರೆಗಳೂ ಇದ್ದರು. ಅವನು ಅದನ್ನು ಹೆಮ್ಮೆಯಿಂದ ಮನೆಮನೆಗೆ ಒಯ್ಯುತ್ತಿದ್ದ. ಇದು ಅವರಿಗೆ ತಮಾಷೆಯಾಗಿತ್ತು, ಅವನಿಗೆ ಅನ್ನದ ಪ್ರಶ್ನೆ.

ಅಸಲಿಗೆ ದೊರೆಸಾನಿ ಚೆನ್ನಾಗಿ ಪರೀಕ್ಷಿಸುತ್ತಿದ್ದದ್ದು ಬಟ್ಲರನ್ನು. ಉಳಿದವರನ್ನು ಎಷ್ಟೋ ಮನೆಗಳಲ್ಲಿ ಅವನೇ ತರುತ್ತಿದ್ದ. ಅವರ ಸಂಬಳದಲ್ಲೂ ಅಂಗಡಿಯ ಲೆಕ್ಕದಲ್ಲೂ ಅವನಿಗೊಂದು ಪಾಲು, ಅದೇ ದಸ್ತೂರಿ. ಆಳುಗಳಿಗೆ ಊಟ ದೊರೆಯ ಮನೆಯದಲ್ಲ. ಸಂಬಳದಲ್ಲೇ ಉಣ್ಣಬೇಕು, ಪ್ರಯಾಣಕ್ಕೆ ಹೊರಟರೆ ಭತ್ಯೆ. ಬಂಗಲೆಯ ಹಿಂದೆ ಕಾಂಪೌಂಡಿನ ಅಂಚಿಗೆ ಸಾಲಾಗಿ ಕಟ್ಟಿದ ಕೋಣೆಗಳಲ್ಲಿ ಸಂಸಾರ. ಊಟ, ಬಟ್ಟೆ ಕೊಟ್ಟು ಕಾಸು ಕೊಡದ ಊರಮನೆಗೂ, ಕಾಸು ಕೊಟ್ಟು ಊಟ ಕೊಡದ ಬಂಗಲೆಗೂ ಇದ್ದ ಈ ವ್ಯತ್ಯಾಸ ಸಣ್ಣದಲ್ಲ. ಜಾತಿಯ ಊರಿಂದ ತಪ್ಪಿಸಿಕೊಂಡು ಬಂದವರಿಗೆ ತಿಂಗಳ ಕೊನೆಗೆ ಕೈಗೆ ಬೀಳುವ ರೂಪಾಯಿ ಒಂದು ಬಿಡುಗಡೆಯೇ ಆಗಿತ್ತು.

ಹೊಸ ದೊರೆಸಾನಿಯರಿಗೆ ಮಾರ್ಗದರ್ಶಿ ಪುಸ್ತಕಗಳೂ ಬಂದವು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ ಫ್ಲೋರಾ ಆನಿ ಸ್ಟೀಲ್ ಮತ್ತು ಗ್ರೇಸ್ ಗಾರ್ಡಿನರ್ ಬರೆದ ‘ದಿ ಕಂಪ್ಲೀಟ್ ಇಂಡಿಯನ್ ಹೌಸ್‌ಕೀಪರ್ ಅಂಡ್ ಕುಕ್’ ಹಲವು ಮುದ್ರಣ ಕಂಡಿತು. ಉಗ್ರಾಣಕ್ಕೆ ಬೀಗ ಹಾಕಿ, ದಿನದ ಲೆಕ್ಕ ಬರೆಯಿರಿ, ಪ್ರಾಂತಕ್ಕೆ ತಕ್ಕ ಸಂಬಳವಿದು ಎಂದೆಲ್ಲ ಅದು ಹೇಳುತ್ತದೆ. ಹೇಳಿದ್ದನ್ನು ಕಲಿಯದ ಆಳಿಗೆ ಹರಳೆಣ್ಣೆ ಕುಡಿಸುವ ಶಿಕ್ಷೆಯನ್ನೂ ಶಿಫಾರಸು ಮಾಡುತ್ತದೆ. ಆಳುಗಳನ್ನು ಮಕ್ಕಳೆಂದು ಬಗೆದ ಧೋರಣೆ ಇದಕ್ಕಿಂತ ಸ್ಪಷ್ಟವಾಗಿ ಬೇರೆಲ್ಲೂ ಕಾಣಲಿಕ್ಕಿಲ್ಲ. ಕಾನೂನಿನಲ್ಲಿಯೂ ಇದೇ ಅನುಮಾನದ ನೆರಳಿತ್ತು. ದಂಡ ಸಂಹಿತೆ ಸಾಮಾನ್ಯ ಕಳ್ಳತನಕ್ಕೆ 3 ವರ್ಷದವರೆಗೆ ಶಿಕ್ಷೆ ವಿಧಿಸಿದರೆ, ಆಳು ಧಣಿಯ ವಸ್ತು ಕದ್ದರೆ 7 ವರ್ಷದವರೆಗೆ ಎಂದು ಪ್ರತ್ಯೇಕ ಕಲಮನ್ನೇ ಇಟ್ಟಿತು. ಸಂಬಳ ಕೊಡದ ಧಣಿಗೆ ಅದರಲ್ಲಿ ಅಂಥ ಕಲಮಿರಲಿಲ್ಲ.

ಸ್ವಾತಂತ್ರ್ಯದ ನಂತರ ಐಟಿಐ (1948), ಎಚ್‌ಎಂಟಿ (1953), ಬಿಇಎಲ್ (1954) ಕಾರ್ಖಾನೆಗಳಿಂದ ಬೆಂಗಳೂರಿನಲ್ಲಿ ಸಂಬಳದ ಕುಟುಂಬಗಳು ಹೆಚ್ಚಿದವು. ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಲ್ಲಿ ‘ಮಗು ನೋಡಿಕೊಳ್ಳಲು ಒಂದು ಹುಡುಗಿ’ ಬೇಕಾಯಿತು. ಊರಲ್ಲಿದ್ದ ನೆಂಟರ ಮೂಲಕ, ಗದ್ದೆ ಮಾಡುವ ಒಕ್ಕಲಿನವರ ಮೂಲಕ ಹತ್ತು ಹನ್ನೆರಡು ವರ್ಷದ ಹುಡುಗಿಯರು ಬಂದರು. ಒಪ್ಪಂದ ಆಗುತ್ತಿದ್ದದ್ದು ಅಪ್ಪನ ಜೊತೆ. ಕಾಫಿ ಕುಡಿದು, ಮುಂಗಡ ಎಣಿಸಿಕೊಂಡು, ‘ನಿಮ್ಮ ಮಗಳ ಹಾಗೆ ನೋಡ್ಕೊಳ್ಳಿ ಅಮ್ಮಾ’ ಎಂದು ಅವನು ಬಸ್ಸು ಹತ್ತುತ್ತಿದ್ದ. ಮದುವೆಗೆ ಸಹಾಯ ಮಾಡುವುದಾಗಿ ಮನೆಯವರು ಮಾತು ಕೊಡುತ್ತಿದ್ದರು, ಕೆಲವರು ನಡೆಸಿಯೂ ಕೊಟ್ಟರು. ಬಾಗಿಲ ಬಳಿ ನಿಂತ ಹುಡುಗಿಯನ್ನು ಕೇಳುತ್ತಿದ್ದದ್ದು ಹೆಸರೊಂದೇ.

1976ರ ಕಾಯಿದೆ ಜೀತವನ್ನು ರದ್ದುಪಡಿಸಿತು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದಕ್ಕೆ ನಿಷೇಧ ಬಂದದ್ದು 2006ರ ಅಕ್ಟೋಬರ್ 10ರಂದು. ನಡುವಿನ ಮೂವತ್ತು ವರ್ಷ ಆ ಹುಡುಗಿಯರನ್ನು ಯಾವ ಕಾನೂನೂ ಗಟ್ಟಿಯಾಗಿ ಕಾಯಲಿಲ್ಲ. ಮನೆಗೆಲಸದವರಿಗಾಗಿ ಸಂಸತ್ತಿನಲ್ಲಿ 1959ರಷ್ಟು ಹಿಂದೆಯೇ ಖಾಸಗಿ ಮಸೂದೆ ಬಂದಿತ್ತು, ಕಾಯಿದೆಯಾಗಲಿಲ್ಲ. ಸಂಘಟನೆಗಳ ಒತ್ತಾಯದ ಫಲವಾಗಿ ಕರ್ನಾಟಕ 2004ರಲ್ಲಿ ಮನೆಗೆಲಸಕ್ಕೆ ಕನಿಷ್ಠ ವೇತನ ನಿಗದಿ ಮಾಡಿತು; ಈ ವಿಷಯದಲ್ಲಿ ಅದು ದೇಶದ ಮೊದಲ ರಾಜ್ಯಗಳಲ್ಲಿ ಒಂದು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯಿದೆ ಮನೆಯನ್ನೂ ಕೆಲಸದ ಜಾಗವೆಂದು ಒಪ್ಪಿತು.

ಅಷ್ಟರಲ್ಲಿ ಉಳಿದು ದುಡಿಯುವವರ ಮೂಲವೂ ಬದಲಾಗಿತ್ತು. ಸುತ್ತಲಿನ ಕೊಳೆಗೇರಿಗಳ ಹೆಂಗಸರು ನಾಲ್ಕೈದು ಮನೆಗಳಲ್ಲಿ ಬಿಡಿಕೆಲಸ ಮಾಡಿ ಸಂಜೆ ತಮ್ಮ ಮನೆಗೆ ಹೋಗುವುದನ್ನೇ ಆರಿಸಿಕೊಂಡರು. ಇಪ್ಪತ್ತನಾಲ್ಕು ಗಂಟೆಯ ಕೆಲಸಕ್ಕೆ ಜಾರ್ಖಂಡ್, ಒಡಿಶಾ, ಬಂಗಾಳ, ಅಸ್ಸಾಮಿನ ಯುವತಿಯರನ್ನು ಏಜೆಂಟರು ಕರೆತರತೊಡಗಿದರು. ಈಗ ಸಂದರ್ಶನ ಎಷ್ಟೋ ವೇಳೆ ಫೋನಿನ ವಿಡಿಯೋದಲ್ಲಿ, ಅರ್ಧ ಹಿಂದಿಯಲ್ಲಿ ನಡೆಯುತ್ತದೆ. ಏಜೆಂಟನ ಕಮಿಷನ್ ಮೊದಲೇ ಸಲ್ಲುತ್ತದೆ, ಆಧಾರ್ ಪ್ರತಿ ಮನೆಯವರ ಬಳಿ ಉಳಿಯುತ್ತದೆ. ಬಟ್ಲರನ ದಸ್ತೂರಿಗೂ ಚೀಟಿಗೂ ವಾರಸುದಾರರು ಸಿಕ್ಕಿದ್ದಾರೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಜೂನ್ 16ರಂದು ಅಂಗೀಕರಿಸಿದ 189ನೇ ಒಡಂಬಡಿಕೆ ಲೆಕ್ಕವನ್ನು ಇನ್ನೊಂದು ಕಡೆಯಿಂದ ಶುರುಮಾಡುತ್ತದೆ. ಮನೆಯೊಡೆಯರ ಹೆಸರು ವಿಳಾಸ, ಕೆಲಸದ ವಿವರ, ಸಂಬಳ, ಕೆಲಸದ ಹೊತ್ತು, ಊಟ ವಸತಿ ಇವೆಲ್ಲ ಕೆಲಸದವರಿಗೆ ಅರ್ಥವಾಗುವಂತೆ ತಿಳಿಸಬೇಕು. ವಾರಕ್ಕೆ ಸತತ 24 ಗಂಟೆ ವಿಶ್ರಾಂತಿ ಕೊಡಬೇಕು. ಆ ಹೊತ್ತಿನಲ್ಲಿ ಮನೆಯಲ್ಲೇ ಇರಬೇಕೆಂದು ಕಟ್ಟುಮಾಡಬಾರದು. ಗುರುತಿನ ಕಾಗದಗಳು ಅವರ ಕೈಯಲ್ಲೇ ಇರಬೇಕು. ಭಾರತ ಇದರ ಪರವಾಗಿ ಮತ ಹಾಕಿತು, ಅನುಮೋದಿಸಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಮನೆಗೆಲಸದವರಿಗಾಗಿ ಪ್ರತ್ಯೇಕ ಕಾನೂನು ತರುವ ಬಗ್ಗೆ ಪರಿಶೀಲಿಸಲು ತಜ್ಞರ ಸಮಿತಿ ರಚಿಸುವಂತೆ ಕೇಂದ್ರ ಸರ್ಕಾರಕ್ಕೆ ಸೂಚಿಸಿತು.