ವೇಪೇರಿಯ ಪಶುವೈದ್ಯ ಶಿಕ್ಷಣ ಮತ್ತು ಕನ್ನಡದ ಸಾಕ್ಷ್ಯ: ಒಂದು ಟಿಪ್ಪಣಿ

ಮದರಾಸಿನ ಸೌಕಾರ್‌ಪೇಟೆ ಎಂದೊಡನೆ ನೆನಪಾಗುವುದು ಮಾರವಾಡಿ, ಗುಜರಾತಿ ವರ್ತಕರ ಸಗಟು ವ್ಯಾಪಾರ. ಮೋಟಾರು ಲಾರಿಗಳು ಬರುವ ಮುನ್ನ ಆ ವ್ಯಾಪಾರದ ಭಾರವನ್ನು ಎಳೆದದ್ದು ಎತ್ತಿನ ಬಂಡಿಗಳು. ಪೇಟೆಯಿಂದ ಪಶ್ಚಿಮಕ್ಕೆ ಹೊರಟು ರೈಲುಮಾರ್ಗವನ್ನು ದಾಟಿದರೆ ವೇಪೇರಿ. ಮದರಾಸು ಪಶುವೈದ್ಯ ಕಾಲೇಜು 1903ರ ಅಕ್ಟೋಬರಿನಲ್ಲಿ ಇಲ್ಲಿಯ ‘ಡಾಬಿನ್ ಹಾಲ್’ ಎಂಬ ಕಟ್ಟಡದಲ್ಲಿ 20 ವಿದ್ಯಾರ್ಥಿಗಳೊಡನೆ ಆರಂಭವಾಯಿತು. ಮದರಾಸು ವಿಶ್ವವಿದ್ಯಾಲಯಕ್ಕೆ ಸೇರಿ ಪದವಿ ಶಿಕ್ಷಣಕ್ಕೆ ತೊಡಗಿದ್ದು 1930ರ ದಶಕದಲ್ಲಿ.

ಈ ಸಂಸ್ಥೆ ಕನ್ನಡದ ಚರಿತ್ರೆಗೂ ಸಂಬಂಧಪಟ್ಟದ್ದು. ಬಳ್ಳಾರಿ 1953ರವರೆಗೆ, ದಕ್ಷಿಣ ಕನ್ನಡ ಮತ್ತು ಕೊಳ್ಳೇಗಾಲ 1956ರವರೆಗೆ ಮದರಾಸು ಆಡಳಿತಕ್ಕೆ ಒಳಪಟ್ಟಿದ್ದವು. ಆ ಪ್ರದೇಶಗಳಿಗೂ ಪ್ರಾಂತದ ಕಾಲೇಜು ಇದೇ ಆಗಿತ್ತು. ಬೆಂಗಳೂರಿನ ಹೆಬ್ಬಾಳದಲ್ಲಿ ಪಶುವೈದ್ಯ ಕಾಲೇಜು ತೆರೆದದ್ದು 1958ರಲ್ಲಿ. ಸ್ಥಾಪನೆಯ ವರ್ಷ, ಪದವಿಯ ಹೆಸರು, ವಿದ್ಯಾರ್ಥಿಗಳ ಸಂಖ್ಯೆ ಇವು ಕಡತದಲ್ಲಿ ದೊರೆಯುತ್ತವೆ. ಆದರೆ ಇಂಗ್ಲಿಷಿನಲ್ಲಿ ರೋಗಲಕ್ಷಣಗಳನ್ನು ಓದಿದ ತರುಣನು ಬಳ್ಳಾರಿಯ ರೈತನ ಎದುರು ನಿಂತು ‘ಚಪ್ಪೆರೋಗ’, ‘ಗಳಲೆ’ ಎಂಬ ಮಾತುಗಳನ್ನು ಹೇಗೆ ಅರಿತುಕೊಂಡನು? ಇದಕ್ಕೆ ಅಂಕಿಅಂಶ ಉತ್ತರವಾಗಲಾರದು. ಗುಣಾತ್ಮಕ ಸಂಶೋಧನೆಯ ಅಗತ್ಯ ತೋರುವುದು ಇಲ್ಲಿಯೇ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಯಾದ ನನಗೆ ಈ ಪ್ರಶ್ನೆ ಹೊಸದಲ್ಲ. ಚಾಳುಕ್ಯ ರಾಜವಂಶದ ಕೀರ್ತಿವರ್ಮನ ‘ಗೋವೈದ್ಯ’, ಅಭಿನವಚಂದ್ರನ ‘ಅಶ್ವವೈದ್ಯ’, ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದ ವೈದ್ಯಭಾಗ ಇವುಗಳಲ್ಲಿ ಶಾಸ್ತ್ರವು ಕನ್ನಡದಲ್ಲಿಯೇ ನಿರೂಪಿತವಾಗಿದೆ. ಗ್ರಂಥಕರ್ತರ ಹೆಸರು ನಮಗೆ ಉಳಿದಿದೆ. ದನಗಾಹಿಗಳ ಅನುಭವ ಅದರಲ್ಲಿ ಎಷ್ಟು ಸೇರಿತು, ಯಾರಿಂದ ಸೇರಿತು ಎಂದು ಕೇಳಲು ಯಾರೂ ಉಳಿದಿಲ್ಲ. ಹಸ್ತಪ್ರತಿಗಳ ಪಾಠಾಂತರಗಳಲ್ಲಿ ಮುಳುಗಿದ ನಾವು ಆ ಪ್ರಶ್ನೆಯನ್ನು ಗಂಭೀರವಾಗಿ ಎತ್ತಿಕೊಳ್ಳಲೂ ಇಲ್ಲ.

ವೇಪೇರಿಯ ವಿಷಯದಲ್ಲಿ ಅವಕಾಶ ಇನ್ನೂ ಪೂರ್ತಿ ತಪ್ಪಿಲ್ಲ. ರಾಜ್ಯ ಪುನರ್ವಿಂಗಡಣೆಗೆ ಮೊದಲು ಅಲ್ಲಿ ಓದಿದವರಿಗೆ ಈಗ ತೊಂಬತ್ತರ ಆಸುಪಾಸಿನ ವಯಸ್ಸು. ಜಗತ್ತಿನಿಂದಲೇ ನಿರ್ಮೂಲವಾಯಿತೆಂದು 2011ರಲ್ಲಿ ಘೋಷಿತವಾದ ದೊಡ್ಡರೋಗವು ಹಳ್ಳಿಗಳಲ್ಲಿ ಹಬ್ಬುತ್ತಿದ್ದ ಕಾಲದಲ್ಲಿ ವೃತ್ತಿಗಿಳಿದ ತಲೆಮಾರು ಅದು. ಹೌದು, ಇಲ್ಲ ಎಂದು ಗುರುತು ಹಾಕಿಸುವ ಪ್ರಶ್ನಾವಳಿ ಅವರ ಮುಂದೆ ನಿರುಪಯುಕ್ತ. ಬಿಡುವಾಗಿ ಕುಳಿತು, ಅವರ ಮಾತನ್ನು ಅವರ ಪ್ರಾದೇಶಿಕ ನುಡಿಯಲ್ಲಿಯೇ ಧ್ವನಿಮುದ್ರಿಸಬೇಕು. ನೆನಪು ತಡವರಿಸಿದ ಕಡೆ ಕಡತದೊಡನೆ ಹೋಲಿಸಬೇಕು. ಅವರ ಕೈಕೆಳಗೆ ದುಡಿದ ಸಹಾಯಕರನ್ನೂ ದನ ಸಾಕಿದವರನ್ನೂ ಬಿಡಬಾರದು. ಕನ್ನಡ ವಿಭಾಗವೊಂದು ಪಶುವೈದ್ಯ ಕಾಲೇಜಿನೊಡನೆ ಸೇರಿ ಈ ಕೆಲಸವನ್ನು ಈ ವರ್ಷವೇ ಕೈಗೆತ್ತಿಕೊಳ್ಳುವುದು ಸಾಧ್ಯವಿದೆ.