ಕರಗುವ ಆಸರೆ

ಭಟ್ಕಳದವನಾದ ನಾನೂ ಕುಮಟೆಯವನಾದ ನನ್ನ ಗೆಳೆಯನೂ ಹೊನ್ನಾವರದ ಕಾಲೇಜಿನಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು. ಕೆಲವು ವರ್ಷಗಳ ಹಿಂದೆ ಅವನಿಗೆ ಎರಡನೆಯ ಬಾರಿ ಹೃದಯದ ಶಸ್ತ್ರಚಿಕಿತ್ಸೆ ಬೇಕಾಯಿತು. ಇಂಥ ಕಾಯಿಲೆಗೆ ಈ ಮೂರೂ ಊರಿನವರು ದಕ್ಷಿಣದ ಹಾದಿ ಹಿಡಿದು ದೂರದ ದೊಡ್ಡ ಆಸ್ಪತ್ರೆಗಳಿಗೆ ಹೋಗುವುದು ರೂಢಿ. ಜೊತೆಗೆ ನಾನೂ ಹೋಗಿದ್ದೆ. ಅವನ ಕಾಲಿನ ಒಳ್ಳೆಯ ಸಿರೆಗಳೂ ಎದೆಗೂಡಿನ ಧಮನಿಯೂ ಮೊದಲ ಸಲವೇ ಬಳಕೆಯಾಗಿದ್ದವು. ಉಳಿದ ಸಿರೆಗಳು ಉಬ್ಬಿ ಕೆಟ್ಟಿದ್ದವು. ಜೋಡಿಸಲು ನಾಳವೇ ಇಲ್ಲವೆಂದರು ವೈದ್ಯರು. ಹಿಂದಿರುಗುವಾಗ ಶರಾವತಿಯ ಸೇತುವೆಯ ಮೇಲೆ ಅವನು ಕೇಳಿದ: “ಒಂದು ಗೇಣು ಕೊಳವೆ ಮಾಡುವ ವಿದ್ಯೆ ಮನುಷ್ಯನಿಗೆ ಇನ್ನೂ ಬಂದಿಲ್ಲವೇನೋ?”

ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಸಾಹಿತ್ಯದ ಮೇಷ್ಟರಾದ ನಾನು ಅದಕ್ಕಾಗಿ ವೈದ್ಯದ ಇತಿಹಾಸವನ್ನು ಓದಬೇಕಾಯಿತು.

ಈ ಕಥೆ ಸೂಜಿದಾರದಿಂದ ಆರಂಭವಾಗುತ್ತದೆ. 1894ರಲ್ಲಿ ಫ್ರಾನ್ಸಿನ ಅಧ್ಯಕ್ಷ ಸಾದಿ ಕಾರ್ನೋ ಇರಿತಕ್ಕೆ ಬಲಿಯಾದರು. ಕಡಿದ ರಕ್ತನಾಳವನ್ನು ಹೊಲಿಯುವ ಕೌಶಲ ಅಂದಿನ ವೈದ್ಯರಲ್ಲಿರಲಿಲ್ಲ. ಅದನ್ನು ಕಂಡು ನೊಂದ ತರುಣ ಅಲೆಕ್ಸಿ ಕರೆಲ್, ಲಿಯೋನ್ ನಗರದ ಕಸೂತಿಗಾರ್ತಿಯೊಬ್ಬಳಿಂದ ನವಿರಾದ ಹೊಲಿಗೆ ಕಲಿತು, ನಾಳಕ್ಕೆ ನಾಳ ಜೋಡಿಸುವ ಕ್ರಮವನ್ನು ರೂಪಿಸಿದ. 1912ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು.

ಹೊಲಿಯಲು ಬಂತು, ಹೊಲಿಯುವುದೇನನ್ನು? ನ್ಯೂಯಾರ್ಕಿನ ಆರ್ಥರ್ ವೂರ್‌ಹೀಸ್, ನಾಯಿಯ ಹೃದಯದೊಳಗೆ ಉಳಿದ ರೇಷ್ಮೆಯ ಎಳೆಯೊಂದು ಕೆಲವು ತಿಂಗಳಲ್ಲಿ ಹೊಳೆಯುವ ತೆಳುಪೊರೆಯನ್ನು ಹೊದ್ದುಕೊಂಡದ್ದನ್ನು ಗಮನಿಸಿದ. ಬಟ್ಟೆಯ ಕೊಳವೆಯೂ ಹೀಗೆಯೇ ಮೈಗೂಡಬಹುದಲ್ಲವೇ ಎಂದು ಯೋಚಿಸಿ, 1952ರಲ್ಲಿ ಕೃತಕ ನೂಲಿನ ನಾಳದ ಪ್ರಯೋಗವನ್ನು ಪ್ರಕಟಿಸಿದ. ಹೂಸ್ಟನ್ನಿನ ಮೈಕೆಲ್ ಡಿಬೇಕಿಯಂತೂ ಮನೆಯ ಹೊಲಿಗೆ ಯಂತ್ರದಲ್ಲೇ ಡೇಕ್ರಾನ್ ಬಟ್ಟೆಯ ನಾಳಗಳನ್ನು ಹೊಲಿದ. ದೊಡ್ಡ ಧಮನಿಗಳಿಗೆ ಇವು ಒಗ್ಗಿದವು. ಆದರೆ ವ್ಯಾಸ ಆರು ಮಿಲಿಮೀಟರಿಗಿಂತ ಕಡಿಮೆಯಾದಲ್ಲಿ ರಕ್ತ ಹೆಪ್ಪುಗಟ್ಟಿ ನಾಳ ಬೇಗ ಮುಚ್ಚಿಹೋಗುತ್ತಿತ್ತು. ಹೃದಯದ ನಾಳಗಳು ಇನ್ನೂ ಸಣ್ಣವು. ಆದ್ದರಿಂದಲೇ 1967ರಲ್ಲಿ ರೆನೆ ಫಾವಲೊರೊ ಕಾಲಿನ ಸಿರೆಯನ್ನೇ ತೆಗೆದು ಹೃದಯಕ್ಕೆ ಬಳಸುದಾರಿ ಕಟ್ಟಿದ. ಆ ಸಿರೆಯೂ ಮುಗಿದವನ ಗತಿಯೇನು? ನನ್ನ ಗೆಳೆಯ ನಿಂತದ್ದು ಅಲ್ಲಿಯೇ.

ಇಲ್ಲಿ ನನಗೆ ಬಾಲ್ಯದಲ್ಲಿ ಕಂಡ ಚಿರೆಕಲ್ಲಿನ ಕಮಾನು ನೆನಪಾಗುತ್ತದೆ. ಕಲ್ಲು ಕೂಡುವ ತನಕ ಅಡಕೆಮರದ ಸಲಕೆಗಳ ಆಸರೆ ಬೇಕು. ಬೇಗ ಕಿತ್ತರೆ ಕಮಾನು ಕುಸಿಯುತ್ತದೆ. ಕೀಳದೆ ಬಿಟ್ಟರೆ ಬಾಗಿಲೇ ಮುಚ್ಚಿದಂತೆ. ದೇಹದೊಳಗೆ ಕೈಹಾಕಿ ಆಸರೆಯನ್ನು ಕೀಳುವವರಾರು? ಅದು ತಾನಾಗಿಯೇ ಕರಗಬೇಕು. ಪಾಲಿಗ್ಲೈಕಾಲಿಕ್ ಆಮ್ಲದ ಎಳೆ ಅಂಥದು. ದೇಹದ ನೀರಿನಂಶ ಅದರ ಕೊಂಡಿಗಳನ್ನು ಒಂದೊಂದಾಗಿ ಬಿಡಿಸುತ್ತದೆ. 1970ರ ಸುಮಾರಿನಿಂದ ವೈದ್ಯರು ಅದನ್ನು ಕರಗುವ ಹೊಲಿಗೆದಾರವಾಗಿ ಬಳಸುತ್ತ ಬಂದಿದ್ದರು. ಅದರದೇ ಜಾಲರಿಯ ಕೊಳವೆಯಲ್ಲಿ ಜೀವಕೋಶಗಳನ್ನು ಬಿತ್ತಿದರೆ, ಎಳೆ ಕರಗುವಷ್ಟರಲ್ಲಿ ಕೋಶಗಳು ತಮ್ಮ ಗೋಡೆಯನ್ನು ತಾವೇ ಕಟ್ಟಿಕೊಳ್ಳುತ್ತವೆ. 1999ರಲ್ಲಿ ಲಾರಾ ನಿಕ್ಲಾಸನ್ ಮತ್ತು ಸಂಗಡಿಗರು, ನಾಡಿಯಂತೆ ಮಿಡಿಯುವ ದ್ರವದಲ್ಲಿ ಎಂಟು ವಾರ ಬೆಳೆಸಿದ ಇಂಥ ನಾಳಗಳನ್ನು ಹಂದಿಗಳಲ್ಲಿ ಕೂಡಿಸಿ ನೋಡಿದರು. ಅದೇ ವರ್ಷ ಟೋಕಿಯೋದಲ್ಲಿ ಶಿನೋಕಾ ಎಂಬ ವೈದ್ಯರು ನಾಲ್ಕು ವರ್ಷದ ಬಾಲೆಗೆ, ಅವಳದೇ ಸಿರೆಯ ಕೋಶಗಳನ್ನು ಕರಗುವ ಆಸರೆಯ ಮೇಲೆ ಬೆಳೆಸಿ, ಶ್ವಾಸಕೋಶದ ಧಮನಿಯನ್ನು ಸರಿಪಡಿಸಿದರು. ಮಗುವಿನೊಂದಿಗೆ ಬೆಳೆಯಬಲ್ಲ ನಾಳ ಬೇಕೆಂಬುದು ಅವರ ಹಂಬಲವಾಗಿತ್ತು.

2024ರ ಡಿಸೆಂಬರಿನಲ್ಲಿ ಅಮೆರಿಕ ಇಂಥ ಒಂದು ನಾಳಕ್ಕೆ ಅನುಮತಿ ನೀಡಿತು. ಮಾನವ ಕೋಶಗಳಿಂದ ಬೆಳೆಸಿ, ಬಳಿಕ ಆ ಕೋಶಗಳನ್ನೂ ತೊಳೆದು ತೆಗೆದು, ಯಾರಿಗಾದರೂ ಹೊಂದುವಂತೆ ಸಿದ್ಧಪಡಿಸಿದ ನಾಳವದು. ಆದರೆ ಅನುಮತಿ ಇರುವುದು ಗಾಯಗೊಂಡ ಕೈಕಾಲುಗಳ ಧಮನಿಗೆ, ಅದೂ ಸ್ವಂತ ಸಿರೆ ಒದಗದಾಗ ಮಾತ್ರ. ನಾಳ ಒಡೆಯಬಹುದೆಂಬ ಎಚ್ಚರಿಕೆಯೂ ಜೊತೆಗಿದೆ. ಹೃದಯದ ಬಾಗಿಲಿಗೆ ಆ ವಿದ್ಯೆ ಇನ್ನೂ ತಲುಪಬೇಕಾಗಿದೆ.

ಗೆಳೆಯ ಔಷಧಗಳ ಬಲದಿಂದ ಎರಡು ಮಳೆಗಾಲಗಳನ್ನು ಕಳೆದು ತೀರಿಕೊಂಡ. ಸೇತುವೆಯ ಮೇಲೆ ಅವನಿಗೆ ಕೊಡಲಾಗದ ಉತ್ತರವನ್ನು ಇಂದು ನಿಮ್ಮ ಮುಂದೆ ಇಟ್ಟಿದ್ದೇನೆ.