ಶೀತಸಹಿಷ್ಣು ಬಿದಿರು

ಶೀತಸಹಿಷ್ಣು ಬಿದಿರು ಎಂಬುದು ಚಳಿಗಾಲದಲ್ಲಿ ಉಷ್ಣಾಂಶವು ಶೂನ್ಯಕ್ಕಿಂತ ಬಹಳ ಕೆಳಗಿಳಿದು ನೆಲ ಹೆಪ್ಪುಗಟ್ಟುವ ಪ್ರದೇಶಗಳಲ್ಲಿಯೂ ಬದುಕುಳಿಯಬಲ್ಲ ಬಿದಿರಿನ ಪ್ರಭೇದಗಳಿಗೆ ತೋಟಗಾರಿಕೆಯಲ್ಲಿ ಬಳಸುವ ಸಾಮಾನ್ಯ ಹೆಸರು. ಇವುಗಳಲ್ಲಿ ಹೆಚ್ಚಿನವು ಚೀನಾ, ಜಪಾನ್, ಕೊರಿಯಾ ಮತ್ತು ಹಿಮಾಲಯದ ಎತ್ತರದ ಪ್ರದೇಶಗಳಿಗೆ ಸೇರಿದವು. ಯುರೋಪ್ ಮತ್ತು ಉತ್ತರ ಅಮೆರಿಕದ ತೋಟಗಳಲ್ಲಿ ಇವನ್ನು ಮರೆಗಾಗಿ, ಅಲಂಕಾರಕ್ಕಾಗಿ ಹಾಗೂ ಕಳಲೆಗಾಗಿ ಬೆಳೆಸಲಾಗುತ್ತದೆ. ಕಡುಚಳಿಯಲ್ಲಿ ಎಲೆ ಮತ್ತು ಗಳೆಗಳು ನಾಶವಾದರೂ ನೆಲದೊಳಗಿನ ಗುಪ್ತಕಾಂಡ ಜೀವಂತವಾಗಿದ್ದರೆ ಸಸ್ಯವು ವಸಂತದಲ್ಲಿ ಮತ್ತೆ ಚಿಗುರುತ್ತದೆ. ಈ ಕಾರಣದಿಂದ ಶೀತವಲಯದ ಬಿದಿರು ಬೇಸಾಯವು ಮುಖ್ಯವಾಗಿ ಗುಪ್ತಕಾಂಡದ ರಕ್ಷಣೆ ಮತ್ತು ಅದರ ಹಬ್ಬುವಿಕೆಯ ನಿಯಂತ್ರಣವನ್ನು ಅವಲಂಬಿಸಿದೆ.

ವರ್ಗೀಕರಣ ಮತ್ತು ನೆಲೆ

ಬಿದಿರು ಹುಲ್ಲಿನ ಕುಟುಂಬವಾದ ಪೋಯೇಸಿಯ ಬ್ಯಾಂಬುಸಾಯ್ಡಿ ಉಪಕುಟುಂಬಕ್ಕೆ ಸೇರಿದೆ. ಗಟ್ಟಿಕಾಂಡದ ಬಿದಿರುಗಳಲ್ಲಿ ಉಷ್ಣವಲಯದವು ಬ್ಯಾಂಬುಸೀ ಪಂಗಡಕ್ಕೂ ಸಮಶೀತೋಷ್ಣ ವಲಯದವು ಅರುಂಡಿನೇರಿಯೀ ಪಂಗಡಕ್ಕೂ ಸೇರುತ್ತವೆ. ಶೀತಸಹಿಷ್ಣು ಬಿದಿರುಗಳು ಬಹುತೇಕ ಎರಡನೆಯ ಪಂಗಡದವು. ಫಿಲ್ಲೋಸ್ಟ್ಯಾಕಿಸ್, ಫಾರ್ಗೇಸಿಯಾ, ಸಾಸಾ, ಪ್ಲಿಯೋಬ್ಲಾಸ್ಟಸ್ ಮತ್ತು ಅರುಂಡಿನೇರಿಯಾ ಇದರ ಪ್ರಮುಖ ಕುಲಗಳು.

ಕರ್ನಾಟಕದ ಕಾಡುಗಳಲ್ಲಿ ಸಾಮಾನ್ಯವಾದ ಬ್ಯಾಂಬುಸಾ ಬ್ಯಾಂಬೋಸ್ ಮತ್ತು ಡೆಂಡ್ರೋಕ್ಯಾಲಮಸ್ ಸ್ಟ್ರಿಕ್ಟಸ್ ಮೊದಲ ಪಂಗಡದವು. ಇವುಗಳ ಕಳಲೆ ಮಳೆಗಾಲದಲ್ಲಿ ಹೊರಡುತ್ತದೆ. ಮಳೆಗಾಲದ ನಂತರವೂ ಬೆಚ್ಚಗಿನ ತಿಂಗಳುಗಳಿರುವ ನಾಡಿನಲ್ಲಿ ಇದು ಸಸ್ಯಕ್ಕೆ ಅನುಕೂಲಕರ. ಆದರೆ ಕಡುಚಳಿಯ ದೇಶಗಳಲ್ಲಿ ಬೇಸಿಗೆಯ ಕೊನೆಯಲ್ಲಿ ಹುಟ್ಟಿದ ಎಳೆಯ ಗಳೆ ಬಲಿಯುವ ಮೊದಲೇ ಚಳಿಗೆ ಸಿಲುಕುತ್ತದೆ. ಸಮಶೀತೋಷ್ಣ ವಲಯದ ಬಿದಿರುಗಳ ಕಳಲೆ ಸಾಮಾನ್ಯವಾಗಿ ವಸಂತದಲ್ಲಿ, ಮಣ್ಣು ಬೆಚ್ಚಗಾಗುತ್ತಿರುವಾಗ ಹೊರಡುತ್ತದೆ. ಕೆಲವೇ ವಾರಗಳಲ್ಲಿ ಪೂರ್ಣ ಎತ್ತರವನ್ನು ತಲುಪುವ ಗಳೆಗೆ ಬಲಿಯಲು ಬೇಸಿಗೆಯೆಲ್ಲ ಕಾಲಾವಕಾಶ ದೊರೆಯುತ್ತದೆ.

ಸಾಸಾ ಕುರಿಲೆನ್ಸಿಸ್ ಎಂಬ ಪ್ರಭೇದವು ಜಪಾನಿನ ಹೊಕ್ಕೈಡೋ, ಕುರಿಲ್ ದ್ವೀಪಗಳು ಮತ್ತು ರಷ್ಯಾದ ಸಖಾಲಿನ್‌ವರೆಗೆ ಹರಡಿದ್ದು, ಜಗತ್ತಿನಲ್ಲಿ ಅತ್ಯಂತ ಉತ್ತರದಲ್ಲಿ ಸಹಜವಾಗಿ ಬೆಳೆಯುವ ಬಿದಿರೆಂದು ಪರಿಗಣಿತವಾಗಿದೆ.

ಚಳಿಯನ್ನು ತಾಳುವ ಬಗೆ

ಚಳಿಗಾಲದಲ್ಲಿ ಬಿದಿರಿಗೆ ಉಂಟಾಗುವ ಹಾನಿಗೆ ಕಡಿಮೆ ಉಷ್ಣಾಂಶವೊಂದೇ ಕಾರಣವಲ್ಲ. ಶೀತಸಹಿಷ್ಣು ಬಿದಿರುಗಳಲ್ಲಿ ಹೆಚ್ಚಿನವು ನಿತ್ಯಹರಿದ್ವರ್ಣದ ಸಸ್ಯಗಳಾದ್ದರಿಂದ ಅವುಗಳ ಎಲೆಗಳು ಚಳಿಗಾಲದಲ್ಲಿಯೂ ನೀರನ್ನು ಆವಿಯಾಗಿ ಹೊರಬಿಡುತ್ತವೆ. ನೆಲ ಹೆಪ್ಪುಗಟ್ಟಿದಾಗ ಬೇರುಗಳು ಆ ನೀರನ್ನು ತುಂಬಿಕೊಡಲಾರವು. ಬಿಸಿಲು ಮತ್ತು ಒಣಗಾಳಿ ಸೇರಿದರೆ ಎಲೆಗಳು ಒಣಗಿ ಹುಲ್ಲಿನ ಬಣ್ಣಕ್ಕೆ ತಿರುಗುತ್ತವೆ. ಆದ್ದರಿಂದ ಒಂದೇ ಉಷ್ಣಾಂಶದಲ್ಲಿ ಗಾಳಿಗೆ ತೆರೆದ ಜಾಗದ ಬಿದಿರು ಒಣಗಿ, ಮರೆಯಲ್ಲಿರುವ ಅದೇ ಪ್ರಭೇದದ ಬಿದಿರು ಹಸಿರಾಗಿ ಉಳಿಯಬಹುದು. ಫಾರ್ಗೇಸಿಯಾ ನಿಟಿಡಾದಂತಹ ಪ್ರಭೇದಗಳು ಕಡುಚಳಿಯಲ್ಲಿ ಎಲೆಗಳನ್ನು ಸುರುಳಿಯಾಗಿ ಮಡಚಿಕೊಂಡು ನೀರಿನ ನಷ್ಟವನ್ನು ತಗ್ಗಿಸುತ್ತವೆ.

ಹಾನಿಯು ಸಾಮಾನ್ಯವಾಗಿ ಮೇಲಿನಿಂದ ಕೆಳಕ್ಕೆ ಮೂರು ಹಂತಗಳಲ್ಲಿ ಸಾಗುತ್ತದೆ. ಮೊದಲು ಎಲೆಗಳು ಒಣಗುತ್ತವೆ. ಕೊಂಬೆಗಳ ಮೊಗ್ಗುಗಳು ಉಳಿದಿದ್ದರೆ ವಸಂತದಲ್ಲಿ ಹೊಸ ಎಲೆ ಬರುತ್ತದೆ. ಚಳಿ ಇನ್ನೂ ತೀವ್ರವಾದರೆ ಗಳೆಗಳು ನೆಲದವರೆಗೆ ಸಾಯುತ್ತವೆ. ಗುಪ್ತಕಾಂಡವೇ ಹೆಪ್ಪುಗಟ್ಟಿ ಸತ್ತರೆ ಮಾತ್ರ ಸಸ್ಯವು ಸಂಪೂರ್ಣವಾಗಿ ನಾಶವಾಗುತ್ತದೆ. ಗುಪ್ತಕಾಂಡಗಳು ಬಹುಮಟ್ಟಿಗೆ ಮೇಲ್ಮಣ್ಣಿನ 30 ಸೆಂ.ಮೀ. ಆಳದೊಳಗೆ ಇರುವುದರಿಂದ ಆ ಪದರದ ಉಷ್ಣಾಂಶವು ನಿರ್ಣಾಯಕವಾಗುತ್ತದೆ.

ಹಿಮದ ಹೊದಿಕೆಯು ಈ ಪದರಕ್ಕೆ ಸಹಜ ರಕ್ಷಣೆ ನೀಡುತ್ತದೆ. ಹಿಮದ ಕಣಗಳ ನಡುವೆ ಸಿಲುಕಿದ ಗಾಳಿಯು ನೆಲದ ಉಷ್ಣವನ್ನು ಹಿಡಿದಿಡುತ್ತದೆ. ಜಪಾನಿನಲ್ಲಿ ಅಧಿಕ ಹಿಮ ಬೀಳುವ ಪಶ್ಚಿಮದ ಕಡೆ ಸಾಸಾ ಕುರಿಲೆನ್ಸಿಸ್‌ನ ಗಳೆಗಳು ಹಿಮದ ಭಾರಕ್ಕೆ ಬಾಗಿ ಅದರಡಿಯಲ್ಲಿ ಹುದುಗಿದ್ದು, ಹಿಮ ಕರಗಿದ ಮೇಲೆ ಮತ್ತೆ ಏಳುತ್ತವೆ. ಹಿಮ ಕಡಿಮೆ ಬೀಳುವ ಪೆಸಿಫಿಕ್ ಸಾಗರದ ಕಡೆ ಸಾಸಾ ನಿಪ್ಪೋನಿಕಾ ಪ್ರಧಾನವಾಗಿದೆ. ಇದರ ಮೊಗ್ಗುಗಳು ಹೆಚ್ಚಾಗಿ ನೆಲದೊಳಗಿರುತ್ತವೆ.

ಬೆಳವಣಿಗೆಯ ಎರಡು ರೀತಿಗಳು

ಗುಪ್ತಕಾಂಡದ ರಚನೆಯನ್ನು ಅನುಸರಿಸಿ ಬಿದಿರುಗಳನ್ನು ಎರಡು ಗುಂಪುಗಳಾಗಿ ವಿಂಗಡಿಸುವುದು ವಾಡಿಕೆ.

- ಮೆಳೆ ಕಟ್ಟುವ ಬಿದಿರು: ಗುಪ್ತಕಾಂಡವು ಮೋಟಾಗಿ ದಪ್ಪವಾಗಿದ್ದು, ಅದರ ತುದಿ ಮೇಲಕ್ಕೆ ಬಾಗಿ ಗಳೆಯಾಗುತ್ತದೆ. ಮೆಳೆಯು ಸುತ್ತಲೂ ನಿಧಾನವಾಗಿ ವಿಸ್ತರಿಸುತ್ತದೆ. ಫಾರ್ಗೇಸಿಯಾ ಈ ಗುಂಪಿನದು.
- ಹಬ್ಬುವ ಬಿದಿರು: ಗುಪ್ತಕಾಂಡವು ತೆಳುವಾಗಿ, ಉದ್ದವಾಗಿ ನೆಲದೊಳಗೆ ಅಡ್ಡಡ್ಡ ಸಾಗುತ್ತದೆ. ಅದರ ಗಿಣ್ಣುಗಳಲ್ಲಿರುವ ಮೊಗ್ಗುಗಳಿಂದ ಗಳೆಗಳು ಅಥವಾ ಹೊಸ ಗುಪ್ತಕಾಂಡಗಳು ಹೊರಡುತ್ತವೆ. ಫಿಲ್ಲೋಸ್ಟ್ಯಾಕಿಸ್, ಸಾಸಾ ಮತ್ತು ಪ್ಲಿಯೋಬ್ಲಾಸ್ಟಸ್ ಈ ಗುಂಪಿನವು.

ಕರ್ನಾಟಕದಲ್ಲಿ ಪರಿಚಿತವಾದ ಬಿದಿರು ಮೆಳೆ ಕಟ್ಟುವಂಥದು. ಚಳಿದೇಶಗಳಲ್ಲಿ ಎತ್ತರಕ್ಕೆ ಬೆಳೆಯುವ ಬಿದಿರುಗಳು ಹೆಚ್ಚಾಗಿ ಹಬ್ಬುವಂಥವು.

ಪ್ರಮುಖ ಪ್ರಭೇದಗಳು

ಕೆಳಗಿನ ಉಷ್ಣಾಂಶಗಳು ಚೆನ್ನಾಗಿ ಬೇರೂರಿದ ಸಸ್ಯಗಳಿಗೆ ಸಂಬಂಧಿಸಿದ ಸ್ಥೂಲ ಮಿತಿಗಳು. ಎಳೆಯ ಸಸ್ಯಗಳು ಇದಕ್ಕಿಂತ ಕಡಿಮೆ ಚಳಿಗೇ ಹಾನಿಗೊಳ್ಳಬಹುದು.

- ಫಾರ್ಗೇಸಿಯಾ ನಿಟಿಡಾ ಮತ್ತು ಫಾರ್ಗೇಸಿಯಾ ಮ್ಯೂರಿಯೆಲೀ: ಮಧ್ಯ ಚೀನಾದ ಬೆಟ್ಟಗಳವು. 3ರಿಂದ 4 ಮೀಟರ್ ಎತ್ತರ ಬೆಳೆದು −25° ಸೆ.ಗಿಂತ ಕೆಳಗಿನ ಚಳಿಯನ್ನೂ ತಾಳಬಲ್ಲವು. ಬೇಸಿಗೆಯ ಸುಡುಬಿಸಿಲು ಇವಕ್ಕೆ ಒಗ್ಗದು.
- ಫಿಲ್ಲೋಸ್ಟ್ಯಾಕಿಸ್ ನೂಡಾ, ಫಿಲ್ಲೋಸ್ಟ್ಯಾಕಿಸ್ ಬಿಸ್ಸೆಟಿಐ ಮತ್ತು ಫಿಲ್ಲೋಸ್ಟ್ಯಾಕಿಸ್ ಆರಿಯೋಸಲ್ಕಾಟಾ: ಎತ್ತರದ ಬಿದಿರುಗಳಲ್ಲಿ ಅತಿ ಹೆಚ್ಚು ಚಳಿ ತಾಳುವವು. ಮಿತಿ ಸುಮಾರು −23° ಸೆ. ಮೂರನೆಯದರ ಹಸಿರು ಗಳೆಯ ಮೇಲೆ ಹಳದಿ ಗೀರು ಇರುತ್ತದೆ.
- ಫಿಲ್ಲೋಸ್ಟ್ಯಾಕಿಸ್ ಎಡುಲಿಸ್: ಚೀನಾದಲ್ಲಿ ಗಳೆಗೂ ಕಳಲೆಗೂ ವ್ಯಾಪಕವಾಗಿ ಬೆಳೆಸುವ ಮೋಸೋ ಬಿದಿರು. ಮಿತಿ ಸುಮಾರು −18° ಸೆ.
- ಸಾಸಾ ವೀಚಿಐ: ಅಗಲ ಎಲೆಯ ಗಿಡ್ಡ ಬಿದಿರು. ಚಳಿಗಾಲದಲ್ಲಿ ಎಲೆಯ ಅಂಚು ಒಣಗಿ ಬಿಳುಪಾಗುತ್ತದೆ. ಇದು ರೋಗವಲ್ಲ, ಈ ಪ್ರಭೇದದ ಲಕ್ಷಣ.
- ಅರುಂಡಿನೇರಿಯಾ ಜೈಗ್ಯಾಂಟಿಯಾ: ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗದ ಸ್ಥಳೀಯ ಬಿದಿರು.

ಆಯ್ಕೆಗೆ ಅಮೆರಿಕದ ಕೃಷಿ ಇಲಾಖೆಯ ಶೀತಸಹಿಷ್ಣುತಾ ವಲಯಗಳ ನಕ್ಷೆಯನ್ನು ಬಳಸಲಾಗುತ್ತದೆ. ಇದರಲ್ಲಿ 13 ವಲಯಗಳಿದ್ದು, ವರ್ಷದ ಕನಿಷ್ಠ ಉಷ್ಣಾಂಶಗಳ ಸರಾಸರಿ ಇದಕ್ಕೆ ಆಧಾರ. 5ನೆಯ ವಲಯವು −28.9° ಸೆ.ನಿಂದ −23.3° ಸೆ.ವರೆಗೂ 6ನೆಯ ವಲಯವು −23.3° ಸೆ.ನಿಂದ −17.8° ಸೆ.ವರೆಗೂ ಇದೆ. ಗಾಳಿ, ಹಿಮದ ಹೊದಿಕೆ ಮತ್ತು ಚಳಿಯ ಅವಧಿಯನ್ನು ನಕ್ಷೆ ತೋರಿಸುವುದಿಲ್ಲ.

ಬೇಸಾಯ

ನೆಡುವಿಕೆ

ಕಡುಚಳಿಯ ಪ್ರದೇಶಗಳಲ್ಲಿ ವಸಂತವು ನೆಡಲು ಸೂಕ್ತ ಕಾಲ. ಶರತ್ಕಾಲದಲ್ಲಿ ನೆಟ್ಟ ಸಸ್ಯವು ಬೇರೂರುವ ಮೊದಲೇ ನೆಲ ಹೆಪ್ಪುಗಟ್ಟುವ ಅಪಾಯವಿದೆ. ನೀರು ಬಸಿದುಹೋಗುವ, ಸಾವಯವ ಅಂಶವುಳ್ಳ, ತುಸು ಆಮ್ಲೀಯ ಮಣ್ಣು ಉತ್ತಮ. ನೀರು ನಿಲ್ಲುವ ಜಾಗದಲ್ಲಿ ಗುಪ್ತಕಾಂಡ ಕೊಳೆಯುತ್ತದೆ. ಚಳಿಗಾಲದ ಗಾಳಿ ಬೀಸುವ ದಿಕ್ಕಿನಲ್ಲಿ ಗೋಡೆಯೋ ಮರಗಳ ಸಾಲೋ ಇದ್ದರೆ ಎಲೆಗಳು ಹೆಚ್ಚು ಕಾಲ ಉಳಿಯುತ್ತವೆ. ಕುಂಡದಲ್ಲಿ ಬೆಳೆಸಿದ ಬಿದಿರಿನ ಬೇರುಗಳು ಸುತ್ತಲಿಂದಲೂ ಚಳಿಗೆ ಒಡ್ಡಿಕೊಳ್ಳುವುದರಿಂದ ಅದಕ್ಕೆ ಹೆಚ್ಚಿನ ರಕ್ಷಣೆ ಬೇಕು.

ಚಳಿಗಾಲದ ಆರೈಕೆ

ಬೇಸಿಗೆಯ ಕೊನೆಯಲ್ಲಿ ಸಾರಜನಕದ ಗೊಬ್ಬರವನ್ನು ನಿಲ್ಲಿಸಲಾಗುತ್ತದೆ. ತಡವಾಗಿ ಬಂದ ಎಳೆಯ ಚಿಗುರು ಚಳಿಯನ್ನು ತಾಳಲಾರದು. ಶರತ್ಕಾಲ ಒಣಗಿದ್ದರೆ ನೆಲ ಹೆಪ್ಪುಗಟ್ಟುವವರೆಗೂ ನೀರುಣಿಸಬೇಕಾಗುತ್ತದೆ. ಬುಡದ ಸುತ್ತ 10ರಿಂದ 15 ಸೆಂ.ಮೀ. ದಪ್ಪಕ್ಕೆ ಒಣಹುಲ್ಲು, ತರಗೆಲೆ ಅಥವಾ ಮರದ ಚೂರುಗಳ ಹೊದಿಕೆ ಹಾಕುವುದು ಅತ್ಯಂತ ಪರಿಣಾಮಕಾರಿ ಕ್ರಮ. ಬಿದಿರಿನ ಉದುರೆಲೆಗಳನ್ನು ಗುಡಿಸದೆ ಬುಡದಲ್ಲಿಯೇ ಬಿಡುವುದೂ ರೂಢಿಯಲ್ಲಿದೆ. ಮಿತಿಗಿಂತ ಹೆಚ್ಚು ಚಳಿ ಇರುವಲ್ಲಿ ಕೆಲವರು ಸಣ್ಣ ಗಳೆಗಳನ್ನು ಚಳಿಗಾಲಕ್ಕೆ ಮೊದಲೇ ನೆಲಕ್ಕೆ ಬಾಗಿಸಿ ಕಟ್ಟಿ, ಮೇಲೆ ಹೊದಿಕೆ ಹಾಕುತ್ತಾರೆ.

ಒದ್ದೆ ಹಿಮದ ಭಾರಕ್ಕೆ ಬಾಗಿದ ಗಳೆಗಳಿಂದ ಹಿಮವನ್ನು ಮೆಲ್ಲಗೆ ಅಲುಗಿಸಿ ಬೀಳಿಸಬಹುದು. ಮಂಜುಗಡ್ಡೆ ಅಂಟಿಕೊಂಡ ಗಳೆಯನ್ನು ಅಲುಗಿಸಿದರೆ ಸೀಳುವ ಸಂಭವವಿರುವುದರಿಂದ ಕರಗುವವರೆಗೆ ಕಾಯುವುದು ಸೂಕ್ತ.

ವಸಂತದ ಚೇತರಿಕೆ

ಚಳಿಗಾಲ ಮುಗಿದಾಗ ಒಣಗಿದಂತೆ ಕಾಣುವ ಬಿದಿರನ್ನು ಕೂಡಲೇ ಕಡಿಯುವುದು ಸರಿಯಲ್ಲ. ಎಲೆ ಕಳೆದುಕೊಂಡ ಗಳೆಗಳು ವಸಂತದ ಕೊನೆಯಲ್ಲಿ ಮತ್ತೆ ಚಿಗುರಬಹುದು. ಹೊಸ ಎಲೆಗಳು ಬಂದ ನಂತರ ಜೀವವಿಲ್ಲದ ಭಾಗವನ್ನು ಮಾತ್ರ ತೆಗೆಯಲಾಗುತ್ತದೆ. ಬಿದಿರಿನ ಗಳೆಯು ಹುಟ್ಟಿದಾಗಿನ ದಪ್ಪದಲ್ಲಿಯೇ ಕೊನೆಯವರೆಗೂ ಇರುತ್ತದೆ. ಸಸ್ಯದ ಬಲ ಹೆಚ್ಚಿದಂತೆ ಮುಂದಿನ ವರ್ಷಗಳ ಹೊಸ ಗಳೆಗಳು ದಪ್ಪವಾಗುತ್ತವೆ. ಗಳೆಗಳೆಲ್ಲ ಸತ್ತ ವರ್ಷದ ನಂತರ ಬರುವ ಕಳಲೆಗಳು ತೆಳುವಾಗಿರುತ್ತವೆ. ಪ್ರತಿ ಚಳಿಗಾಲದಲ್ಲಿಯೂ ಗಳೆ ಸಾಯುವ ಕಡೆ ಎತ್ತರದ ಪ್ರಭೇದವೂ ಪೊದೆಯಾಗಿಯೇ ಉಳಿಯುತ್ತದೆ.

ಹಬ್ಬುವಿಕೆ ಮತ್ತು ನಿಯಂತ್ರಣ

ಚಳಿಯಲ್ಲಿ ಸಸ್ಯವನ್ನು ಉಳಿಸುವ ಗುಪ್ತಕಾಂಡವೇ ನೆರೆಯವರೊಡನೆ ವ್ಯಾಜ್ಯಕ್ಕೂ ಕಾರಣವಾಗುತ್ತದೆ. ಫಿಲ್ಲೋಸ್ಟ್ಯಾಕಿಸ್ ಮೊದಲ ಕೆಲವು ವರ್ಷ ನಿಧಾನವಾಗಿ ಬೆಳೆದು, ಬೇರೂರಿದ ಮೇಲೆ ವೇಗವಾಗಿ ಹಬ್ಬುತ್ತದೆ. ಗುಪ್ತಕಾಂಡಗಳು ಬೇಲಿಯಡಿಯಲ್ಲಿ ನುಸುಳಿ ಪಕ್ಕದ ಜಮೀನಿನಲ್ಲಿ ಕಳಲೆಗಳನ್ನು ಎಬ್ಬಿಸುತ್ತವೆ. ಅಮೆರಿಕದ ಕನೆಕ್ಟಿಕಟ್ ರಾಜ್ಯದ 2013ರ ಕಾನೂನು, ಹಬ್ಬುವ ಬಿದಿರು ನೆರೆಯವರ ಆಸ್ತಿಗೆ ಮಾಡುವ ಹಾನಿಗೆ ಅದನ್ನು ನೆಟ್ಟವರನ್ನು ಹೊಣೆಯಾಗಿಸುತ್ತದೆ. ನ್ಯೂಯಾರ್ಕ್ ರಾಜ್ಯವು ಫಿಲ್ಲೋಸ್ಟ್ಯಾಕಿಸ್ ಆರಿಯಾ ಮತ್ತು ಫಿಲ್ಲೋಸ್ಟ್ಯಾಕಿಸ್ ಆರಿಯೋಸಲ್ಕಾಟಾಗಳನ್ನು ನಿಷೇಧಿತ ಆಕ್ರಮಣಕಾರಿ ಪ್ರಭೇದಗಳ ಪಟ್ಟಿಗೆ ಸೇರಿಸಿದೆ.

ನಿಯಂತ್ರಣಕ್ಕೆ ಸಾಮಾನ್ಯವಾಗಿ ಎರಡು ವಿಧಾನಗಳಿವೆ. ಮೊದಲನೆಯದು, ಮೆಳೆಯ ಸುತ್ತ 60ರಿಂದ 75 ಸೆಂ.ಮೀ. ಆಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಳೆಯ ತಡೆ ಹೂಳುವುದು. ಹಾಳೆಯ ಮೇಲಂಚನ್ನು ನೆಲದಿಂದ ಸುಮಾರು 5 ಸೆಂ.ಮೀ. ಮೇಲಕ್ಕೆ ಬಿಟ್ಟರೆ ಅದನ್ನು ದಾಟುವ ಗುಪ್ತಕಾಂಡಗಳು ಕಣ್ಣಿಗೆ ಬೀಳುತ್ತವೆ. ಎರಡನೆಯದು, ಸುತ್ತಲೂ ಸುಮಾರು 30 ಸೆಂ.ಮೀ. ಆಳದ ಕಾಲುವೆ ತೋಡಿ, ಅಲ್ಲಿ ಕಾಣಿಸುವ ಗುಪ್ತಕಾಂಡಗಳನ್ನು ಪ್ರತಿ ವರ್ಷ ಕತ್ತರಿಸುವುದು. ತಡೆ ಹಾಕಿದ ಮೇಲೂ ವಾರ್ಷಿಕ ಪರಿಶೀಲನೆ ಅಗತ್ಯ. ಹರಡಿದ ಬಿದಿರನ್ನು ನಿರ್ಮೂಲಗೊಳಿಸಲು ಗಳೆಗಳನ್ನು ಕಡಿದು, ಬರುವ ಕಳಲೆಗಳನ್ನು ಹಲವು ವರ್ಷ ಬಿಡದೆ ಮುರಿದು, ಗುಪ್ತಕಾಂಡದ ಸಂಗ್ರಹವನ್ನು ಬರಿದುಮಾಡಬೇಕಾಗುತ್ತದೆ. ನಿರ್ವಹಣೆಗೆ ಅವಕಾಶವಿಲ್ಲದ ಸಣ್ಣ ತೋಟಗಳಿಗೆ ಫಾರ್ಗೇಸಿಯಾ ಹೆಚ್ಚು ಸೂಕ್ತ.

ಇತಿಹಾಸ ಮತ್ತು ಹೂಬಿಡುವಿಕೆ

ಯುರೋಪಿನಲ್ಲಿ ಬಿದಿರಿನ ಬೇಸಾಯ 19ನೆಯ ಶತಮಾನದಲ್ಲಿ ವಿಸ್ತರಿಸಿತು. 1856ರಲ್ಲಿ ಯೂಜೀನ್ ಮಾಜೆಲ್ ಫ್ರಾನ್ಸಿನ ಆಂಡ್ಯೂಜ್ ಬಳಿ ಆರಂಭಿಸಿದ ಬಿದಿರುತೋಟ ಇಂದಿಗೂ ಇದೆ. ಆಲ್ಜರ್ನನ್ ಫ್ರೀಮನ್-ಮಿಟ್‌ಫರ್ಡ್ 1896ರಲ್ಲಿ ಪ್ರಕಟಿಸಿದ 'ದಿ ಬ್ಯಾಂಬೂ ಗಾರ್ಡನ್' ಇಂಗ್ಲೆಂಡಿನಲ್ಲಿ ಈ ವಿಷಯದ ಆರಂಭಿಕ ಗ್ರಂಥಗಳಲ್ಲೊಂದು. ಸಸ್ಯಸಂಗ್ರಾಹಕ ಅರ್ನೆಸ್ಟ್ ಹೆನ್ರಿ ವಿಲ್ಸನ್ 1907ರಲ್ಲಿ ಚೀನಾದ ಹುಬೇ ಪ್ರಾಂತದಿಂದ ತಂದ ಬಿದಿರಿಗೆ ಅವರ ಮಗಳು ಮ್ಯೂರಿಯೆಲ್‌ಳ ಹೆಸರನ್ನು ಇಡಲಾಯಿತು. ಅದೇ ಫಾರ್ಗೇಸಿಯಾ ಮ್ಯೂರಿಯೆಲೀ.

ಪಾಶ್ಚಾತ್ಯ ತೋಟಗಳಲ್ಲಿದ್ದ ಈ ಪ್ರಭೇದದ ಸಸ್ಯಗಳು ಆ ಸಂಗ್ರಹದಿಂದಲೇ ಮೆಳೆ ಸೀಳಿ ವೃದ್ಧಿಸಿದವು. ಆದ್ದರಿಂದ 1990ರ ದಶಕದಲ್ಲಿ ಅವು ದೂರದೂರದ ತೋಟಗಳಲ್ಲಿಯೂ ವ್ಯಾಪಕವಾಗಿ ಹೂಬಿಟ್ಟು ಸತ್ತವು. ಬಿದಿರಕ್ಕಿ ಬಿಟ್ಟ ನಂತರ ಮೆಳೆ ಸಾಯುವ, ಕರ್ನಾಟಕದ ಕಾಡುಗಳಲ್ಲಿ ಕಾಣುವ ವಿದ್ಯಮಾನವೇ ಇದು. ಈಗ ಬೆಳೆಸುವ ಸಸ್ಯಗಳು ಬಹುಮಟ್ಟಿಗೆ ಆ ಹೂಬಿಡುವಿಕೆಯ ಬೀಜಗಳಿಂದ ಬಂದ ಹೊಸ ಪೀಳಿಗೆಯವು.

ಭಾರತದಲ್ಲಿ

ಭಾರತದ ಶೀತಸಹಿಷ್ಣು ಬಿದಿರುಗಳು ಹಿಮಾಲಯದಲ್ಲಿವೆ. ಉತ್ತರಾಖಂಡದಲ್ಲಿ ರಿಂಗಾಲ್ ಎಂದು ಕರೆಯುವ ತೆಳುಗಳೆಯ ಬೆಟ್ಟದ ಬಿದಿರುಗಳಿಂದ ಬುಟ್ಟಿ, ಚಾಪೆ ಮೊದಲಾದವನ್ನು ಹೆಣೆಯಲಾಗುತ್ತದೆ. ಇವುಗಳಲ್ಲಿ ಥ್ಯಾಮ್ನೋಕ್ಯಾಲಮಸ್ ಸ್ಪ್ಯಾಥಿಫ್ಲೋರಸ್ ಹಿಮ ಬೀಳುವ ಎತ್ತರದ ಕಾಡುಗಳಲ್ಲಿ ಮರಗಳ ನೆರಳಿನಲ್ಲಿ ಬೆಳೆಯುತ್ತದೆ. ಪೂರ್ವ ಹಿಮಾಲಯದಲ್ಲಿ ಬೆಟ್ಟದ ಬಿದಿರುಗಳು ಕೆಂಪು ಪಾಂಡಾದ ಮುಖ್ಯ ಆಹಾರವಾಗಿವೆ.